ಶಿಖರೇಶ್ವರ ಯಾರ ಕಡೆಯವನು?

1962ರ ಜುಲೈನಲ್ಲಿ ಥಾಯ್ಲೆಂಡ್–ಕಾಂಬೋಡಿಯಾ ಗಡಿಯ ಡಾಂಗ್ರೆಕ್ ಬೆಟ್ಟಸಾಲಿನ ಒಂದು ತುದಿಯಲ್ಲಿ ಥಾಯ್ಲೆಂಡಿನ ಕಾವಲು ಪಡೆಯವರು ವಿಚಿತ್ರವಾದ ಕೆಲಸವೊಂದನ್ನು ಮಾಡಿದರು. ಅಲ್ಲಿನ ಪ್ರೇಹ್ ವಿಹಿಯರ್ ಎಂಬ ಪುರಾತನ ದೇವಾಲಯ ಕಾಂಬೋಡಿಯಾಕ್ಕೆ ಸೇರಿದ್ದೆಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಒಂದು ತಿಂಗಳ ಹಿಂದಷ್ಟೇ ತೀರ್ಪು ಕೊಟ್ಟಿತ್ತು. ಜಾಗ ಬಿಟ್ಟು ಹೋಗಲೇಬೇಕಿತ್ತು. ಆದರೆ ಅಲ್ಲಿ ಹಾರುತ್ತಿದ್ದ ಬಾವುಟವನ್ನು ಕೆಳಗಿಳಿಸಲು ಅವರಿಗೆ ಮನಸ್ಸು ಬರಲಿಲ್ಲ. ಕಂಬವನ್ನೇ ಬುಡಸಮೇತ ಕಿತ್ತು, ಬಾವುಟ ಮೇಲೆಯೇ ಇರುವಂತೆ ಹೊತ್ತುಕೊಂಡು ತಮ್ಮ ಕಡೆಯ ಬಂಡೆಯ ಮೇಲೆ ಹೋಗಿ ನೆಟ್ಟರು. ಜಾಗ ಹೋಯಿತು, ಬಾವುಟ ಇಳಿಯಲಿಲ್ಲ.

ಅಂದಿನಿಂದ ಇಂದಿನವರೆಗೂ ಆ ಜಗಳ ಅದೇ ಕಂಬದಂತೆ ಅತ್ತಿಂದಿತ್ತ ಹೊತ್ತು ತಿರುಗಾಡಿದೆಯೇ ಹೊರತು ಕೆಳಗಿಳಿದಿಲ್ಲ. 2025ರ ಜುಲೈನಲ್ಲಿ ಐದು ದಿನ ಎರಡೂ ದೇಶಗಳು ರಾಕೆಟ್, ಫಿರಂಗಿ, ಯುದ್ಧವಿಮಾನ ಬಳಸಿ ಹೊಡೆದಾಡಿದವು. ನಲವತ್ತಕ್ಕೂ ಹೆಚ್ಚು ಜನ ಸತ್ತರು, ಸುಮಾರು ಮೂರು ಲಕ್ಷ ಮಂದಿ ಮನೆ ಬಿಟ್ಟು ಓಡಿದರು. ಡಿಸೆಂಬರ್‌ನಲ್ಲಿ ಬೆಂಕಿ ಮತ್ತೆ ಹೊತ್ತಿಕೊಂಡಿತು. ‘ಒಂದು ಹಳೇ ದೇವಸ್ಥಾನಕ್ಕೆ ಇಷ್ಟೆಲ್ಲ ಯಾಕೆ?’ ಎಂಬ ಪ್ರಶ್ನೆ ಸುದ್ದಿ ಓದುವವರಿಗೆ ಸಹಜವಾಗಿಯೇ ಬರುತ್ತದೆ. ಉತ್ತರ ಹುಡುಕಲು ಹೋದರೆ ಮೂರು ಸಂಗತಿಗಳು ಒಂದಕ್ಕೊಂದು ಹೆಣೆದುಕೊಂಡಿರುವುದು ಕಾಣುತ್ತದೆ: ‘ಇದನ್ನು ಕಟ್ಟಿಸಿದವರು ನಮ್ಮ ಪೂರ್ವಿಕರು’ ಎಂಬ ಚರಿತ್ರೆಯ ವಾದ, ‘ಇಲ್ಲಿರುವವರು ನಮ್ಮ ಜನ’ ಎಂಬ ಕುಲದ ವಾದ, ಮತ್ತು ಇವೆರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಕಾಗದ.

ಮೊದಲು ಜಾಗವನ್ನು ನೋಡೋಣ. ಕಾಂಬೋಡಿಯಾದ ಖ್ಮೇರ್ ಭಾಷೆಯಲ್ಲಿ ಡಾಂಗ್ರೆಕ್ ಎಂದರೆ ಹೆಗಲ ಮೇಲೆ ಹೊರುವ ಕಾವಡಿಯ ಕೋಲು. ಪೂರ್ವ–ಪಶ್ಚಿಮವಾಗಿ ಉದ್ದಕ್ಕೆ ಮಲಗಿರುವ ಈ ಬೆಟ್ಟಸಾಲು ನಮ್ಮ ಘಟ್ಟದ ಹಾಗೆಯೇ ಒಂದು ಕಡೆ ಎತ್ತರದ ಬಯಲು, ಇನ್ನೊಂದು ಕಡೆ ಕಡಿದಾದ ಇಳಿಜಾರು. ಉತ್ತರದಲ್ಲಿ ಥಾಯ್ಲೆಂಡಿನ ಖೋರಾಟ್ ಪ್ರಸ್ಥಭೂಮಿ ನಿಧಾನವಾಗಿ ಏರುತ್ತಾ ಬಂದು ಬೆಟ್ಟದ ನೆತ್ತಿ ಮುಟ್ಟುತ್ತದೆ. ದಕ್ಷಿಣದಲ್ಲಿ ಕಾಂಬೋಡಿಯಾದ ಬಯಲು ಐನೂರು ಮೀಟರಿಗೂ ಹೆಚ್ಚು ಆಳದಲ್ಲಿದೆ. ಆ ಪ್ರಪಾತದ ಅಂಚಿನಲ್ಲಿ ದೇವಾಲಯವಿದೆ. ಗೋಪುರಗಳು, ಮೆಟ್ಟಿಲುಗಳು, ಕಲ್ಲು ಹಾಸಿದ ದಾರಿ, ಮತ್ತೆ ಗೋಪುರ ಹೀಗೆ ಸುಮಾರು ಎಂಟು ನೂರು ಮೀಟರ್ ಉದ್ದಕ್ಕೆ ಉತ್ತರದಿಂದ ದಕ್ಷಿಣಕ್ಕೆ ಮೇಲೇರುತ್ತಾ ಹೋಗಿ ಗರ್ಭಗುಡಿ ಸೇರುತ್ತೇವೆ. ಅಲ್ಲಿಂದ ಮುಂದೆ ಹೆಜ್ಜೆ ಇಟ್ಟರೆ ಗಾಳಿ. ಅಂದರೆ ದೇವರು ಕಾಂಬೋಡಿಯಾದ ಅಂಚಿನಲ್ಲಿ, ಬಾಗಿಲು ಥಾಯ್ಲೆಂಡಿನ ಕಡೆಗೆ. ಜಗಳದ ಅರ್ಧ ಭಾಗ ಈ ಒಂದು ವಾಕ್ಯದಲ್ಲಿದೆ.

ಕಾಂಬೋಡಿಯಾದವರು ಇದನ್ನು ಪ್ರೇಹ್ ವಿಹಿಯರ್ ಎನ್ನುತ್ತಾರೆ, ಥಾಯ್ ಜನ ಖಾವ್ ಫ್ರಾ ವಿಹಾನ್ ಎನ್ನುತ್ತಾರೆ. ಎರಡರಲ್ಲೂ ಇರುವುದು ನಮಗೆ ಗೊತ್ತಿರುವ ‘ವಿಹಾರ’ವೇ. ಅಲ್ಲಿನ ಶಾಸನಗಳಲ್ಲಿ ದೇವರ ಹೆಸರು ಇನ್ನೂ ಹತ್ತಿರದ್ದು: ಶಿಖರೇಶ್ವರ. ಒಂಬತ್ತನೆಯ ಶತಮಾನದ ಕೊನೆಯಲ್ಲಿ ಯಶೋವರ್ಮನ ಕಾಲಕ್ಕೆ ಇಲ್ಲಿ ಶಿವನ ನೆಲೆ ಇತ್ತು. ಈಗ ಉಳಿದಿರುವ ಕಟ್ಟಡದ ಬಹುಭಾಗ ಮೊದಲನೆಯ ಮತ್ತು ಎರಡನೆಯ ಸೂರ್ಯವರ್ಮರ ಕಾಲದ್ದು. ಎರಡನೆಯ ಸೂರ್ಯವರ್ಮನೆಂದರೆ ಅಂಗ್ಕೋರ್ ವಾಟ್ ಕಟ್ಟಿಸಿದವನು, ಹೊಯ್ಸಳ ವಿಷ್ಣುವರ್ಧನನ ಸಮಕಾಲೀನ. ಬೇಲೂರಿನಲ್ಲಿ ಚೆನ್ನಕೇಶವನ ಗುಡಿ ಏಳುತ್ತಿದ್ದ ದಿನಗಳಲ್ಲೇ ಅಲ್ಲಿ ಖ್ಮೇರ್ ಶಿಲ್ಪಿಗಳು ಬಂಡೆ ಕಡಿಯುತ್ತಿದ್ದರು.

ಇಷ್ಟು ಕೇಳಿದರೆ ಕಾಂಬೋಡಿಯಾದ ವಾದ ಗೆದ್ದಂತೆಯೇ ಕಾಣುತ್ತದೆ. ಕಟ್ಟಿಸಿದವರು ಖ್ಮೇರ್ ಅರಸರು, ಶಾಸನದ ಭಾಷೆ ಸಂಸ್ಕೃತ ಮತ್ತು ಹಳೆಯ ಖ್ಮೇರ್, ಶಿಲ್ಪದ ಶೈಲಿ ಖ್ಮೇರ್ ರಾಜಧಾನಿ ಅಂಗ್ಕೋರಿನದು. ಇನ್ನೇನು ಬೇಕು? ತೊಡಕು ಏನೆಂದರೆ, ಇದೇ ತರ್ಕವನ್ನು ಹಿಡಿದು ಹೊರಟರೆ ಕಾಂಬೋಡಿಯಾದ ಗಡಿ ಈ ಬೆಟ್ಟದ ಮೇಲೆ ನಿಲ್ಲುವುದಿಲ್ಲ. ಫಿಮಾಯ್, ಫನೋಮ್ ರುಂಗ್ ಮುಂತಾದ ದೊಡ್ಡ ಖ್ಮೇರ್ ದೇವಾಲಯಗಳು ಇರುವುದು ಥಾಯ್ಲೆಂಡಿನ ಒಳಗೆ. ಅಂಗ್ಕೋರಿನ ಪ್ರಭಾವ ಒಂದು ಕಾಲಕ್ಕೆ ಲಾವೋಸಿನವರೆಗೂ, ಇಂದಿನ ವಿಯೆಟ್ನಾಮಿನ ಮೆಕಾಂಗ್ ಮುಖಜಭೂಮಿಯವರೆಗೂ ಹರಡಿತ್ತು. ‘ನಮ್ಮವರು ಕಟ್ಟಿಸಿದ್ದೆಲ್ಲ ನಮ್ಮದು’ ಎಂದು ಹೊರಟವರು ಎಲ್ಲಿಗೆ ಹೋಗಿ ಮುಟ್ಟುತ್ತಾರೆ ಎಂಬುದಕ್ಕೆ ಉದಾಹರಣೆಯನ್ನು ಕಾಂಬೋಡಿಯಾವೇ ಕೊಟ್ಟಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಥಾಯ್ ವಾದಕ್ಕೂ ತನ್ನದೇ ಚರಿತ್ರೆ ಇದೆ. ಹದಿನೈದನೆಯ ಶತಮಾನದಲ್ಲಿ ಥಾಯ್ ರಾಜ್ಯವಾದ ಅಯುತ್ಥಾಯದ ಸೈನ್ಯ ಅಂಗ್ಕೋರನ್ನು ಗೆದ್ದಿತು. ಹದಿನೆಂಟನೆಯ ಶತಮಾನದ ಕೊನೆಯಿಂದ 1907ರವರೆಗೆ ಬಟ್ಟಂಬಾಂಗ್ ಮತ್ತು ಸಿಯಾಮ್ ರೀಪ್ ಪ್ರಾಂತ್ಯಗಳು, ಎಂದರೆ ಅಂಗ್ಕೋರ್ ವಾಟ್ ಇರುವ ನೆಲವೇ, ಸಯಾಮಿನ (ಥಾಯ್ಲೆಂಡಿನ ಹಳೆಯ ಹೆಸರು) ಕೈಯಲ್ಲಿದ್ದವು. ಬ್ಯಾಂಕಾಕಿನ ಅರಮನೆ ಆವರಣದ ಫ್ರಾ ಕೇವ್ ದೇವಾಲಯದಲ್ಲಿ ಇಂದಿಗೂ ಅಂಗ್ಕೋರ್ ವಾಟ್‌ನ ಮಾದರಿಯೊಂದಿದೆ. ಸಯಾಮಿನ ಅರಸ ಮೊಂಗ್ಕುಟ್ ಮಾಡಿಸಲು ಹೇಳಿದ್ದು. ನಮ್ಮ ಸೀಮೆಯಲ್ಲಿರುವ ವಸ್ತುವಿನ ಪ್ರತಿಯನ್ನು ರಾಜಧಾನಿಯಲ್ಲಿ ಇಟ್ಟುಕೊಂಡಂತೆ. ಇತ್ತ ಕಾಂಬೋಡಿಯಾದ ಬಾವುಟದ ನಡುವೆಯೂ ಅದೇ ಅಂಗ್ಕೋರ್ ವಾಟ್. ಆಳುವವರು ಬದಲಾದರೂ ಅದು ಬದಲಾಗಲಿಲ್ಲ. 1970ರ ದಶಕದ ಸರ್ವಾಧಿಕಾರಿ ಪೋಲ್ ಪಾಟನ ಕೆಂಪು ಬಾವುಟದ ಮೇಲೂ ಅದರ ಗೋಪುರಗಳಿದ್ದವು. ‘ಸಿಯಾಮ್ ರೀಪ್’ ಎಂಬ ಊರ ಹೆಸರಿಗೆ ‘ಸಯಾಮಿನವರು ಸೋತ ಜಾಗ’ ಎಂದು ಕಾಂಬೋಡಿಯಾದಲ್ಲಿ ಮಕ್ಕಳೂ ಅರ್ಥ ಹೇಳುತ್ತಾರೆ. ವಿದ್ವಾಂಸರಲ್ಲಿ ಅನೇಕರು ಅದನ್ನು ಒಪ್ಪುವುದಿಲ್ಲ. ಆದರೆ ಊರಿನ ಹೆಸರಲ್ಲೇ ಗೆಲುವಿನ ಕಥೆ ಕಟ್ಟಿಕೊಂಡವರಿಗೆ ವಿದ್ವಾಂಸರ ಮಾತು ಯಾಕೆ ಬೇಕು?

ಕಟ್ಟಿಸಿದವರು ಖ್ಮೇರರೇ ಎಂಬ ಮಾತಿಗೆ ಥಾಯ್ ರಾಷ್ಟ್ರವಾದಿಗಳು ಕಂಡುಕೊಂಡ ಉತ್ತರವಂತೂ ಕುತೂಹಲಕರ. ಅಂಗ್ಕೋರನ್ನು ಕಟ್ಟಿದವರು ‘ಖೋಮ್’ ಎಂಬ ಬೇರೊಂದು ಜನಾಂಗ; ಇಂದಿನ ಖ್ಮೇರರು ಅವರ ವಂಶದವರಲ್ಲ ಎಂಬುದು ಅವರ ವಾದ. ಖೋಮ್ ಎಂಬುದು ಹಳೆಯ ಥಾಯ್ ಪದವೇ ಹೌದು, ಖ್ಮೇರ್ ಲಿಪಿಯನ್ನು ಥಾಯ್ ಜನ ಇಂದಿಗೂ ಖೋಮ್ ಲಿಪಿ ಎನ್ನುತ್ತಾರೆ. ಆದರೆ ಕಲ್ಲಿನ ಮೇಲಿನ ಹಳೆಯ ಖ್ಮೇರ್ ಭಾಷೆಗೂ ಇಂದು ಕಾಂಬೋಡಿಯಾದ ರಾಜಧಾನಿ ಫ್ನೋಮ್ ಪೆನ್‌ನ ಸಂತೆಯಲ್ಲಿ ಕೇಳುವ ಭಾಷೆಗೂ ಇರುವ ತಾಯಿ–ಮಕ್ಕಳ ಸಂಬಂಧದ ಬಗ್ಗೆ ಭಾಷಾಶಾಸ್ತ್ರದಲ್ಲಿ ಅನುಮಾನವಿಲ್ಲ. ನೆರೆಯವನ ಮನೆಯ ಒಡವೆ ಬೇಕೆನಿಸಿದಾಗ ಅವನ ಅಜ್ಜನನ್ನೇ ಬೇರೆ ಮಾಡಿಬಿಡುವ ಉಪಾಯವಿದು.

ಇಲ್ಲಿ ಸ್ವಲ್ಪ ನಿಂತು ಒಂದು ಮಾತು ಹೇಳಬೇಕು. ಈ ವಾದಗಳೆಲ್ಲವೂ ಒಂದು ತಪ್ಪು ಕಲ್ಪನೆಯ ಮೇಲೆ ನಿಂತಿವೆ. ಹಳೆಯ ಕಾಲದಲ್ಲಿಯೂ ಈಗಿನಂತೆ ಗೆರೆ ಎಳೆದ ದೇಶಗಳಿದ್ದವು, ಆ ಗೆರೆ ಅತ್ತಿತ್ತ ಸರಿಯಿತು ಎಂಬುದು ಆ ಕಲ್ಪನೆ. ಇರಲಿಲ್ಲ. ಆಗ್ನೇಯ ಏಷ್ಯಾದ ಅರಸರ ಅಧಿಕಾರ ದೀಪದ ಬೆಳಕಿನಂತೆ. ರಾಜಧಾನಿಯ ಬಳಿ ಪ್ರಖರ, ದೂರ ಹೋದಂತೆ ಮಸುಕು, ನಡುವೆ ಎರಡು ದೀಪಗಳ ಬೆಳಕೂ ಬೀಳುವ ಊರುಗಳು. ಹತ್ತೊಂಬತ್ತನೆಯ ಶತಮಾನದ ಕಾಂಬೋಡಿಯಾದ ಅರಸ ಸಯಾಮಿಗೂ ಕಪ್ಪ ಕೊಡುತ್ತಿದ್ದ, ವಿಯೆಟ್ನಾಮಿಗೂ ಕೊಡುತ್ತಿದ್ದ. ಆ ಕಾಲದ ಕಣ್ಣಿನಲ್ಲಿ ಅದು ಅಪಮಾನವೂ ಅಲ್ಲ, ದ್ವಂದ್ವವೂ ಅಲ್ಲ, ಬದುಕುವ ದಾರಿ. ‘ಈ ಬೆಟ್ಟ ಯಾವ ದೇಶದ್ದು?’ ಎಂದು ಅಲ್ಲಿನ ಯಾರನ್ನಾದರೂ ಆಗ ಕೇಳಿದ್ದರೆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. ಪ್ರಶ್ನೆ ಬಂದದ್ದು ಫ್ರೆಂಚರ ಜೊತೆಗೆ.

1863ರಲ್ಲಿ ಕಾಂಬೋಡಿಯಾ ಫ್ರಾನ್ಸಿನ ರಕ್ಷಣೆಗೆ ಒಳಪಟ್ಟಿತು. 1867ರಲ್ಲಿ ಸಯಾಮ್ ಕಾಂಬೋಡಿಯಾದ ಮೇಲಿನ ತನ್ನ ಹಕ್ಕನ್ನು ಬಿಟ್ಟುಕೊಟ್ಟು, ಬದಲಿಗೆ ಬಟ್ಟಂಬಾಂಗ್ ಮತ್ತು ಸಿಯಾಮ್ ರೀಪ್ ಉಳಿಸಿಕೊಂಡಿತು. 1893ರಲ್ಲಿ ಫ್ರೆಂಚ್ ಯುದ್ಧನೌಕೆಗಳು ನದಿಯ ಮೂಲಕ ಬ್ಯಾಂಕಾಕಿನವರೆಗೆ ನುಗ್ಗಿ ಬಂದವು. ಮೆಕಾಂಗ್ ನದಿಯ ಪೂರ್ವದ ಲಾವೋಸ್ ಹೋಯಿತು. ಆ ಹೆದರಿಕೆಯ ನೆರಳಿನಲ್ಲೇ 1904ರ ಫೆಬ್ರವರಿ 13ರಂದು ಸಯಾಮ್ ಮತ್ತು ಫ್ರಾನ್ಸ್ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಡಾಂಗ್ರೆಕ್ ಸಾಲಿನಲ್ಲಿ ಗಡಿ ಯಾವುದು? ಜಲವಿಭಾಜಕ ರೇಖೆ. ಅಂದರೆ ಬಿದ್ದ ಮಳೆ ಉತ್ತರಕ್ಕೆ ಹರಿದರೆ ಆ ನೆಲ ಸಯಾಮಿನದು, ದಕ್ಷಿಣಕ್ಕೆ ಹರಿದರೆ ಫ್ರೆಂಚರದು. ಓದಲು ಎಷ್ಟು ನ್ಯಾಯವಾದ ಮಾತು! ಮಳೆಗೆ ಯಾವ ಪಕ್ಷವೂ ಇಲ್ಲ.

ಮಳೆಗೆ ಇಲ್ಲ, ನಕ್ಷೆಗೆ ಇದೆ. ಗಡಿ ಗುರುತಿಸಲು ಎರಡೂ ಕಡೆಯವರಿದ್ದ ಜಂಟಿ ಆಯೋಗ ರಚನೆಯಾಯಿತು. ಆದರೆ ಸಯಾಮಿನಲ್ಲಿ ಆಗ ಆಧುನಿಕ ಸರ್ವೇಕ್ಷಣೆ ಬಲ್ಲವರು ಸಾಕಷ್ಟಿರಲಿಲ್ಲ. ನಕ್ಷೆ ಬರೆಯುವ ಕೆಲಸವನ್ನು ಫ್ರೆಂಚ್ ಅಧಿಕಾರಿಗಳೇ ಮಾಡಲಿ ಎಂದು ಸಯಾಮ್ ತಾನೇ ಕೇಳಿಕೊಂಡಿತು. ಅವರು ಬರೆದ ಹನ್ನೊಂದು ನಕ್ಷೆಗಳು ಪ್ಯಾರಿಸಿನಲ್ಲಿ ಅಚ್ಚಾಗಿ 1908ರಲ್ಲಿ ಬ್ಯಾಂಕಾಕಿಗೆ ಬಂದವು. ಡಾಂಗ್ರೆಕ್ ನಕ್ಷೆಯಲ್ಲಿ ಗೆರೆ ದೇವಾಲಯದ ಉತ್ತರಕ್ಕೆ ಬಾಗಿ, ಇಡೀ ದೇಗುಲವನ್ನು ಕಾಂಬೋಡಿಯಾದೊಳಗೆ ತಂದಿತ್ತು. ನೀರು ಹರಿಯುವ ರೇಖೆಯೂ ಅದೇನಾ ಎಂದು ಯಾರೂ ಹೋಗಿ ನೋಡಲಿಲ್ಲ. ಅಂದಿನ ಸಯಾಮಿನ ಒಳಾಡಳಿತ ಸಚಿವ ರಾಜಕುಮಾರ ದಾಮ್ರೋಂಗ್, ನಕ್ಷೆಗಳಿಗಾಗಿ ಫ್ರೆಂಚ್ ರಾಯಭಾರಿಗೆ ಧನ್ಯವಾದ ಹೇಳಿ, ಪ್ರಾಂತ್ಯಗಳಿಗೆ ಕಳಿಸಲು ಇನ್ನೂ ಹದಿನೈದು ಪ್ರತಿಗಳನ್ನು ಕೇಳಿದರು.

ಇದೇ ದಾಮ್ರೋಂಗ್ ಮುಂದೆ ‘ಥಾಯ್ ಇತಿಹಾಸದ ಪಿತಾಮಹ’ ಎನಿಸಿಕೊಂಡವರು. 1930ರಲ್ಲಿ ಪ್ರಾಚ್ಯವಸ್ತುಗಳ ಮೇಲಿನ ಆಸಕ್ತಿಯಿಂದ ಅವರು ಈ ದೇವಾಲಯಕ್ಕೆ ಬಂದರು. ಬಂದಾಗ ಅಲ್ಲಿ ಸಮವಸ್ತ್ರ ಧರಿಸಿದ ಫ್ರೆಂಚ್ ಅಧಿಕಾರಿ ಕಾದಿದ್ದ, ಫ್ರಾನ್ಸಿನ ಬಾವುಟ ಹಾರುತ್ತಿತ್ತು. ಮನೆಯ ಯಜಮಾನ ಅತಿಥಿಯನ್ನು ಬರಮಾಡಿಕೊಂಡಂತೆ ಸ್ವಾಗತ. ದಾಮ್ರೋಂಗ್ ಏನೂ ಹೇಳಲಿಲ್ಲ. ಬ್ಯಾಂಕಾಕಿಗೆ ಮರಳಿ, ಆ ದಿನದ ಕೆಲವು ಛಾಯಾಚಿತ್ರಗಳನ್ನು ಫ್ರೆಂಚರಿಗೆ ಸೌಜನ್ಯದಿಂದ ಕಳಿಸಿಕೊಟ್ಟರು. 1934–35ರಲ್ಲಿ ಸಯಾಮ್ ತಾನೇ ನಡೆಸಿದ ಅಳತೆಯಲ್ಲಿ ನಕ್ಷೆಯ ಗೆರೆಗೂ ನೀರು ಹರಿಯುವ ರೇಖೆಗೂ ವ್ಯತ್ಯಾಸವಿರುವುದು ಗೊತ್ತಾಯಿತು. ಆಗಲೂ ತಕರಾರಿಲ್ಲ. 1937ರಲ್ಲಿ ತಾನೇ ಅಚ್ಚು ಹಾಕಿಸಿದ ನಕ್ಷೆಯಲ್ಲೂ ದೇವಾಲಯ ಕಾಂಬೋಡಿಯಾದೊಳಗೇ ಇತ್ತು.

ಆಮೇಲೆ ಕುಲದ ವಾದದ ಕಾಲ ಬಂತು. 1939ರಲ್ಲಿ ಪ್ರಧಾನಿ ಫಿಬೂನರ ಸರ್ಕಾರ ಸಯಾಮ್ ಎಂಬ ಹೆಸರನ್ನು ತೆಗೆದು ‘ಥಾಯ್ಲೆಂಡ್’ ಎಂದಿಟ್ಟಿತು. ಸಯಾಮ್ ಎಂಬುದು ಒಂದು ರಾಜ್ಯದ ಹೆಸರು. ಥಾಯ್ಲೆಂಡ್ ಎಂಬುದು ಒಂದು ಜನಾಂಗದ ಹೆಸರು. ಥಾಯ್ ಬಳಗದ ಭಾಷೆಯಾಡುವವರು ಲಾವೋಸಿನಲ್ಲಿದ್ದರು, ಬರ್ಮಾದ ಶಾನ್ ಬೆಟ್ಟಗಳಲ್ಲಿದ್ದರು, ಚೀನಾದ ಯುನ್ನಾನಿನಲ್ಲಿದ್ದರು. ಅವರೆಲ್ಲರೂ ‘ನಮ್ಮವರು’ ಎಂದರೆ ಅವರ ನೆಲ? ಆ ಪ್ರಶ್ನೆಗೆ ಉತ್ತರ ಬರೆದವರು ಲುವಾಂಗ್ ವಿಚಿತ್ ವಾತಕಾನ್, ಲಲಿತಕಲಾ ಇಲಾಖೆಯ ಮುಖ್ಯಸ್ಥ, ನಾಟಕಕಾರ, ಭಾಷಣಕಾರ. ಫ್ರೆಂಚರಿಂದ ‘ಕಳೆದುಹೋದ ನೆಲ’ವನ್ನು ಮರಳಿ ಪಡೆಯಬೇಕೆಂದು ಹೊರಟಾಗ ಅವರು ಕಾಂಬೋಡಿಯಾದವರೂ ಥಾಯ್ ರಕ್ತದವರೇ ಎಂದು ವಾದಿಸಿದರು. ಖೋಮ್ ವಾದದ ಪಕ್ಕದಲ್ಲಿ ಇದನ್ನಿಟ್ಟು ನೋಡಿ: ನೆಲ ಬೇಕಾದಾಗ ಖ್ಮೇರರು ನಮ್ಮ ಒಡಹುಟ್ಟಿದವರು, ದೇವಾಲಯ ಬೇಕಾದಾಗ ಅವರು ಅದನ್ನು ಕಟ್ಟಿದವರೇ ಅಲ್ಲ. ಜನಾಂಗದ ವಾದ ರಬ್ಬರಿನ ಹಾಗೆ, ಎಷ್ಟು ಬೇಕೋ ಅಷ್ಟು ಎಳೆಯಬಹುದು. 1940–41ರ ಕಿರುಯುದ್ಧದ ನಂತರ ಜಪಾನಿನ ಮಧ್ಯಸ್ಥಿಕೆಯಲ್ಲಿ ಬಟ್ಟಂಬಾಂಗ್ ಮುಂತಾದ ಪ್ರದೇಶಗಳು ಥಾಯ್ಲೆಂಡಿಗೆ ಸಿಕ್ಕವು. ಜಪಾನ್ ಸೋತ ಮೇಲೆ 1946ರಲ್ಲಿ ಎಲ್ಲವನ್ನೂ ವಾಪಸ್ ಕೊಡಬೇಕಾಯಿತು. 1953ರಲ್ಲಿ ಕಾಂಬೋಡಿಯಾ ಸ್ವತಂತ್ರವಾಯಿತು, ಫ್ರೆಂಚರು ಹೊರಟರು, ಮರುವರ್ಷವೇ ಥಾಯ್ ಕಾವಲುಗಾರರು ಬೆಟ್ಟದ ಮೇಲೆ ಬಂದು ಕುಳಿತರು.

1959ರಲ್ಲಿ ಕಾಂಬೋಡಿಯಾ ಹೇಗ್‌ಗೆ ಹೋಯಿತು. ಕಾಂಬೋಡಿಯಾದ ಪರ ಅಮೆರಿಕದ ಮಾಜಿ ವಿದೇಶಾಂಗ ಸಚಿವ ಡೀನ್ ಅಚೆಸನ್ ವಾದಿಸಿದರು. ಥಾಯ್ಲೆಂಡಿನ ತಂಡದಲ್ಲಿ ಮಾಜಿ ಪ್ರಧಾನಿ ಸೇನಿ ಪ್ರಮೋಜ್ ಇದ್ದರು. ಎರಡೂ ಕಡೆಯವರು ಶಿಲ್ಪಶಾಸ್ತ್ರ, ಶಾಸನ, ಧರ್ಮ, ರಾಜವಂಶ, ಭೂಗೋಳ ಎಲ್ಲವನ್ನೂ ಮೇಜಿನ ಮೇಲೆ ಸುರಿದರು. ಬಾಗಿಲು ಯಾವ ಕಡೆಗಿದೆ ಎಂಬುದೂ ವಾದವಾಯಿತು. ನ್ಯಾಯಾಲಯ ಎಲ್ಲವನ್ನೂ ಕೇಳಿ, ಭೌಗೋಳಿಕ, ಚಾರಿತ್ರಿಕ, ಧಾರ್ಮಿಕ, ಪುರಾತತ್ವದ ಈ ವಾದಗಳನ್ನು ಕಾನೂನಿನ ದೃಷ್ಟಿಯಲ್ಲಿ ನಿರ್ಣಾಯಕವೆಂದು ಪರಿಗಣಿಸಲಾಗದು ಎಂದಿತು. ಒಂದೇ ವಾಕ್ಯ. ಸಾವಿರ ವರ್ಷದ ಚರಿತ್ರೆ ಪಕ್ಕಕ್ಕೆ ಸರಿಯಿತು.

ಹಾಗಾದರೆ ನಿರ್ಣಾಯಕವಾದದ್ದು ಏನು? ಮೌನ. ಬೆಟ್ಟದ ಮೇಲೆ ನೀರು ಎತ್ತ ಹರಿಯುತ್ತದೆ ಎಂಬ ಪ್ರಶ್ನೆಯನ್ನೇ ನ್ಯಾಯಾಲಯ ಬಿಡಿಸಲು ಹೋಗಲಿಲ್ಲ. ನಕ್ಷೆ 1908ರಲ್ಲಿ ನಿಮ್ಮ ಕೈಗೆ ಬಂತು, ಹೆಚ್ಚುವರಿ ಪ್ರತಿ ಕೇಳಿದಿರಿ, 1930ರಲ್ಲಿ ಫ್ರೆಂಚ್ ಬಾವುಟದ ಕೆಳಗೆ ನಿಮ್ಮ ರಾಜಕುಮಾರ ಅತಿಥಿಯಾದರು, ಅವಕಾಶ ಸಿಕ್ಕಾಗಲೂ ನೀವು ತಕರಾರು ಎತ್ತಲಿಲ್ಲ. ಮಾತಾಡಬೇಕಾದಾಗ, ಮಾತಾಡಲು ಸಾಧ್ಯವಿದ್ದಾಗ ಸುಮ್ಮನಿದ್ದವನು ಒಪ್ಪಿದಂತೆಯೇ. ತೀರ್ಪಿನಲ್ಲಿ ಇದಕ್ಕೊಂದು ಲ್ಯಾಟಿನ್ ಸೂಕ್ತಿಯನ್ನು ಉಲ್ಲೇಖಿಸಿದ್ದಾರೆ. ನಮಗೆ ಲ್ಯಾಟಿನ್ ಬೇಕಿಲ್ಲ, ‘ಮೌನಂ ಸಮ್ಮತಿ ಲಕ್ಷಣಂ’ ಎಂಬುದನ್ನು ಮದುವೆ ಮಾತುಕತೆಯಲ್ಲೇ ಕಲಿತವರು ನಾವು. ಒಂಬತ್ತು ನ್ಯಾಯಾಧೀಶರು ಕಾಂಬೋಡಿಯಾದ ಪರ, ಮೂವರು ವಿರೋಧ. ವಿರೋಧಿಸಿದವರಲ್ಲಿ ಆಸ್ಟ್ರೇಲಿಯಾದ ಪರ್ಸಿ ಸ್ಪೆಂಡರ್ ಮತ್ತು ಚೀನಾದ ವೆಲ್ಲಿಂಗ್ಟನ್ ಕೂ ಇದ್ದರು. ಬಾಗಿಲಲ್ಲಿ ಯುದ್ಧನೌಕೆ ನಿಲ್ಲಿಸಿದವನ ಎದುರು ಬಡವ ಸುಮ್ಮನಿದ್ದರೆ ಅದು ಸಮ್ಮತಿಯೇ ಎಂಬ ಪ್ರಶ್ನೆ ಥಾಯ್ ಮನಸ್ಸಿನಲ್ಲಿ ಇಂದಿಗೂ ಕುದಿಯುತ್ತದೆ. ನನಗೂ ಅದು ತಳ್ಳಿಹಾಕುವ ಪ್ರಶ್ನೆ ಎನಿಸುವುದಿಲ್ಲ. ಆದರೆ 1940ರ ದಶಕದ ಹೊತ್ತಿಗೆ ಥಾಯ್ಲೆಂಡ್ ಅಷ್ಟು ಬಡವಾಗಿರಲಿಲ್ಲ ಎಂಬುದೂ ನಿಜ.

ನ್ಯಾಯಾಲಯಗಳಿಗೆ ಚರಿತ್ರೆಯ ಮೇಲೆ ಯಾಕಿಷ್ಟು ಅಪನಂಬಿಕೆ? ಚರಿತ್ರೆ ಸುಳ್ಳೆಂದಲ್ಲ. ಎಲ್ಲಿಂದ ಶುರುಮಾಡಬೇಕು ಎಂಬುದನ್ನು ಅದು ಹೇಳುವುದಿಲ್ಲ. 1150ರಿಂದ ಶುರುಮಾಡಿದರೆ ಬ್ಯಾಂಕಾಕಿನ ಸುತ್ತಲೂ ಖ್ಮೇರರ ನೆರಳು; 1850ರಿಂದ ಶುರುಮಾಡಿದರೆ ಅಂಗ್ಕೋರ್ ವಾಟ್ ಸಯಾಮಿನದು; 1907ರಿಂದ ಶುರುಮಾಡಿದರೆ ಫ್ರೆಂಚರ ಗೆರೆ. ತನಗೆ ಅತ್ಯಂತ ದೊಡ್ಡ ನಕ್ಷೆ ಕೊಡುವ ವರ್ಷವನ್ನೇ ಪ್ರತಿಯೊಬ್ಬರೂ ‘ನಿಜವಾದ ಚರಿತ್ರೆ’ ಎನ್ನುತ್ತಾರೆ. ಅದಕ್ಕೇ ವಸಾಹತುಗಳಿಂದ ಬಿಡುಗಡೆಯಾದ ದೇಶಗಳ ವಿಷಯದಲ್ಲಿ ಅಂತರರಾಷ್ಟ್ರೀಯ ಕಾನೂನು ಒಂದು ಒಣ ನಿಯಮಕ್ಕೆ ಬಂದು ನಿಂತಿತು: ಸ್ವಾತಂತ್ರ್ಯ ಬಂದ ದಿನ ಗೆರೆ ಎಲ್ಲಿತ್ತೋ ಅಲ್ಲೇ ಇರಲಿ. ಆಫ್ರಿಕಾದ ನಾಯಕರು 1964ರಲ್ಲಿ ಕೈರೋದಲ್ಲಿ ಸೇರಿ ಇದನ್ನೇ ಒಪ್ಪಿಕೊಂಡರು. ಆ ಗೆರೆಗಳು ನ್ಯಾಯವಾದವು ಎಂದು ಅವರಾರೂ ನಂಬಿರಲಿಲ್ಲ; ಒಂದನ್ನು ಅಳಿಸಿದರೆ ಎಲ್ಲವನ್ನೂ ಅಳಿಸಬೇಕಾಗುತ್ತದೆ ಎಂಬ ಭಯ.

ಆಗಲೇ ಹೇಳಿದ ಉದಾಹರಣೆಗೆ ಈಗ ಬರುತ್ತೇನೆ. ಮೆಕಾಂಗ್ ಮುಖಜಭೂಮಿಯನ್ನು ಖ್ಮೇರರು ‘ಕಂಪೂಚಿಯಾ ಕ್ರೋಮ್’, ಕೆಳಗಿನ ಕಾಂಬೋಡಿಯಾ, ಎನ್ನುತ್ತಾರೆ. ಸೈಗಾನ್ ನಗರಕ್ಕೂ ಅವರಲ್ಲಿ ಹಳೆಯ ಖ್ಮೇರ್ ಹೆಸರಿದೆ. ವಿಯೆಟ್ನಾಮಿನ ಆ ಭಾಗದಲ್ಲಿ ಖ್ಮೇರ್ ಮಾತಾಡುವವರು ಇಂದಿಗೂ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಚರಿತ್ರೆಯೂ ಇದೆ, ಕುಲವೂ ಇದೆ. 1977–78ರಲ್ಲಿ ಪೋಲ್ ಪಾಟನ ಖ್ಮೇರ್ ರೂಜ್ ಪಡೆಗಳು ಈ ಹಳೆಯ ನೆಲದ ಮಾತನ್ನೇ ಹಿಡಿದು ಗಡಿ ದಾಟಿ ವಿಯೆಟ್ನಾಮಿನ ಹಳ್ಳಿಗಳಿಗೆ ನುಗ್ಗಿದವು. 1978ರ ಏಪ್ರಿಲ್‌ನಲ್ಲಿ ಬಾ ಚುಕ್ ಎಂಬ ಊರಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಕೊಂದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ವಿಯೆಟ್ನಾಂ ಕಾಂಬೋಡಿಯಾದ ಮೇಲೆ ದಂಡೆತ್ತಿ ಬಂದು ಪೋಲ್ ಪಾಟನನ್ನು ಓಡಿಸಿತು. ಮರುವರ್ಷ ಜೂನ್‌ನಲ್ಲಿ, ಹಸಿದು ಗಡಿ ದಾಟಿದ್ದ ನಲವತ್ತು ಸಾವಿರಕ್ಕೂ ಹೆಚ್ಚು ಕಾಂಬೋಡಿಯಾದ ನಿರಾಶ್ರಿತರನ್ನು ಥಾಯ್ ಸೈನ್ಯ ಬಸ್ಸುಗಳಲ್ಲಿ ತುಂಬಿಸಿ ತಂದು, ಇದೇ ಪ್ರೇಹ್ ವಿಹಿಯರ್ ಬಳಿ ಬೆಟ್ಟದ ಅಂಚಿನಿಂದ ಕೆಳಗೆ ಇಳಿಸಿತು. ಕೆಳಗೆ ನೆಲಬಾಂಬುಗಳಿದ್ದವು. ಎಷ್ಟೋ ಜನ ಅಲ್ಲೇ ಸತ್ತರು. ‘ಒಂದೇ ರಕ್ತ’ ಎಂದು ನಲವತ್ತು ವರ್ಷದ ಹಿಂದೆ ಭಾಷಣ ಮಾಡಿದ್ದು ಇವರ ಬಗ್ಗೆಯೇ.

ಬೆಟ್ಟದ ಎರಡೂ ಬದಿಯಲ್ಲಿ ನಿಜವಾಗಿ ಇರುವವರು ಯಾರು? ಥಾಯ್ಲೆಂಡಿನ ಸುರಿನ್, ಬುರಿರಾಮ್, ಸಿಸಾಕೆಟ್ ಪ್ರಾಂತ್ಯಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರ ಮನೆಮಾತು ಖ್ಮೇರ್. ಜೊತೆಗೆ ಕೂಯ್ ಜನರಿದ್ದಾರೆ. ಕಾಡಾನೆ ಹಿಡಿದು ಪಳಗಿಸುವುದರಲ್ಲಿ ಹೆಸರಾದವರು, ಬೆಟ್ಟದ ಆಚೆಗೂ ಈಚೆಗೂ ಹರಡಿಕೊಂಡವರು. ಅವರ ಭಾಷೆ ಥಾಯ್ ಅಲ್ಲ, ಖ್ಮೇರ್ ಬಳಗಕ್ಕೆ ದೂರದ ನೆಂಟ. ಕುಲದ ಪ್ರಕಾರ ಗೆರೆ ಎಳೆಯುವುದಾದರೆ ಸುರಿನ್ ಕಾಂಬೋಡಿಯಾಕ್ಕೆ ಹೋಗಬೇಕು. ಆದರೆ ಸುರಿನ್‌ನ ಖ್ಮೇರ್ ಭಾಷಿಕರು ತಮ್ಮನ್ನು ಥಾಯ್ಲೆಂಡಿನವರೆಂದೇ ಭಾವಿಸಿಕೊಂಡವರು. ಅಲ್ಲಿನ ಮಕ್ಕಳು ಶಾಲೆಯಲ್ಲಿ ಥಾಯ್ ಕಲಿತಿದ್ದಾರೆ, ಅವರ ಅಣ್ಣಂದಿರು ಥಾಯ್ ಸೈನ್ಯದಲ್ಲಿದ್ದಾರೆ. ಭಾಷೆ, ರಕ್ತ, ನಿಷ್ಠೆ ಒಂದೇ ದಾರದಲ್ಲಿ ಪೋಣಿಸಿದ ಮಣಿಗಳಲ್ಲ ಎಂಬುದನ್ನು ಈ ಜಿಲ್ಲೆಗಳಷ್ಟು ಸ್ಪಷ್ಟವಾಗಿ ತೋರಿಸುವ ಜಾಗ ಕಡಿಮೆ. ಅಷ್ಟೇಕೆ, ಥಾಯ್ ಅರಮನೆಯ ಗೌರವದ ಮಾತುಗಳಲ್ಲಿ ಎಷ್ಟೋ ಪದಗಳು ಖ್ಮೇರಿನಿಂದ ಬಂದವು; ಥಾಯ್ ಲಿಪಿ ಹಳೆಯ ಖ್ಮೇರ್ ಲಿಪಿಯಿಂದ ಬೆಳೆದದ್ದು.

ತೀರ್ಪಿನ ನಂತರ ಕಾಂಬೋಡಿಯಾದ ರಾಜಕುಮಾರ ಸಿಹಾನೂಕ್ 1963ರ ಜನವರಿಯಲ್ಲಿ ಬೆಟ್ಟ ಹತ್ತಿ ಬಂದು, ಥಾಯ್ ಜನ ವೀಸಾ ಇಲ್ಲದೆ ದೇವಾಲಯಕ್ಕೆ ಬರಬಹುದು ಎಂದರು. ದೊಡ್ಡತನದ ಮಾತು. ಆಮೇಲೆ ಕಾಂಬೋಡಿಯಾ ತನ್ನದೇ ನರಕದಲ್ಲಿ ಬಿದ್ದದ್ದರಿಂದ ಜಗಳವೂ ಮಲಗಿತು. ಎಚ್ಚರಗೊಂಡಾಗ ಅದು ರಾಜಕಾರಣಿಗಳ ಕೈಗೆ ಸಿಕ್ಕಿತು. 2003ರ ಜನವರಿಯಲ್ಲಿ ಥಾಯ್ ನಟಿಯೊಬ್ಬರು ಅಂಗ್ಕೋರ್ ವಾಟ್ ಥಾಯ್ಲೆಂಡಿನದು ಎಂದರಂತೆ ಎಂಬ ಸುದ್ದಿ ಹಬ್ಬಿ ಫ್ನೋಮ್ ಪೆನ್‌ನಲ್ಲಿ ಥಾಯ್ ರಾಯಭಾರ ಕಚೇರಿ ಸುಟ್ಟುಹೋಯಿತು. ಆಕೆ ಹಾಗೆ ಹೇಳಿಯೇ ಇಲ್ಲವೆಂದರು. ಅಷ್ಟರಲ್ಲಿ ಬೂದಿ ಆರಿತ್ತು. 2008ರ ಜುಲೈನಲ್ಲಿ ಯುನೆಸ್ಕೊ ದೇವಾಲಯವನ್ನು ಕಾಂಬೋಡಿಯಾದ ಹೆಸರಿನಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದಕ್ಕೆ ಒಪ್ಪಿಗೆ ಸೂಚಿಸಿದ್ದ ಥಾಯ್ ವಿದೇಶಾಂಗ ಸಚಿವರು ರಾಜೀನಾಮೆ ಕೊಡಬೇಕಾಯಿತು. ಬ್ಯಾಂಕಾಕಿನ ಬೀದಿಯಲ್ಲಿ ವಿರೋಧ ಪಕ್ಷದವರಿಗೆ ಸರ್ಕಾರ ಕೆಡವಲು ಒಂದು ಆಯುಧ ಬೇಕಿತ್ತು, ಬೆಟ್ಟದ ಮೇಲೆ ಸಿದ್ಧವಾಗಿ ಇತ್ತು.

ಉಳಿದಿದ್ದ ಪ್ರಶ್ನೆ ಇದು: ದೇವಾಲಯ ಕಾಂಬೋಡಿಯಾದ್ದು ಸರಿ, ಅದರ ಸುತ್ತಲಿನ 4.6 ಚದರ ಕಿಲೋಮೀಟರ್ ಯಾರದು? 2011ರಲ್ಲಿ ಅದಕ್ಕಾಗಿ ಗುಂಡು ಹಾರಿತು. 2013ರ ನವೆಂಬರ್ 11ರಂದು ಹೇಗ್ ನ್ಯಾಯಾಲಯ ತನ್ನದೇ ಹಳೆಯ ತೀರ್ಪನ್ನು ವಿವರಿಸಿ, ದೇವಾಲಯ ನಿಂತಿರುವ ಬೆಟ್ಟದ ಚಾಚು ಪೂರ್ತಿಯಾಗಿ ಕಾಂಬೋಡಿಯಾದ್ದು ಎಂದಿತು. ಪಕ್ಕದ ಗುಡ್ಡ ಯಾರದೆಂದು ಹೇಳಲಿಲ್ಲ. ಗಡಿಯ ಉದ್ದ ಎಂಟು ನೂರು ಕಿಲೋಮೀಟರಿಗೂ ಹೆಚ್ಚು. ನ್ಯಾಯಾಲಯ ಮುಟ್ಟಿದ್ದು ಅದರ ಒಂದು ಚೂರನ್ನು.

ಉಳಿದ ಕಡೆ ಜಗಳ ಏಕೆ ಬಗೆಹರಿಯುವುದಿಲ್ಲ ಎಂಬುದನ್ನು ಒಂದು ಅಳತೆಪಟ್ಟಿಯಿಂದ ತಿಳಿಯಬಹುದು. ಕಾಂಬೋಡಿಯಾ ಹಿಡಿದಿರುವುದು ಫ್ರೆಂಚರ ಕಾಲದ 1:2,00,000 ಪ್ರಮಾಣದ ನಕ್ಷೆ. ಅದರಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ ಇನ್ನೂರು ಮೀಟರ್. ಗೆರೆಯ ದಪ್ಪವೇ ಅರ್ಧ ಮಿಲಿಮೀಟರ್ ಇದ್ದರೆ ನೂರು ಮೀಟರ್ ನೆಲ ಶಾಯಿಯ ಕೆಳಗೆ ಹೋಯಿತು. ಒಂದು ಇಡೀ ಗುಡಿ ಅದರೊಳಗೆ ಅಡಗಬಹುದು. ಥಾಯ್ಲೆಂಡ್ ಬಳಸುವುದು 1:50,000 ಪ್ರಮಾಣದ, ತಾನೇ ಸಿದ್ಧಪಡಿಸಿಕೊಂಡ ನಕ್ಷೆ. ಎರಡನ್ನೂ ಒಂದರ ಮೇಲೊಂದಿಟ್ಟರೆ ಗೆರೆಗಳು ಕೂಡುವುದಿಲ್ಲ. ಹೀಗೆ ಕೂಡದ ಕಡೆಗಳಲ್ಲೇ ತಾ ಮುವೆನ್ ಥೊಮ್, ತಾ ಕ್ರಬೈ ಎಂಬ ಖ್ಮೇರ್ ದೇವಾಲಯಗಳಿವೆ. ಮಾತುಕತೆಯಿಂದ ಗಡಿ ಗುರುತಿಸಲು 2000ದಲ್ಲಿ ಎರಡೂ ದೇಶಗಳು ಒಪ್ಪಂದ ಮಾಡಿಕೊಂಡವು, ಜಂಟಿ ಸಮಿತಿಯೂ ಇದೆ. ಆ ಒಪ್ಪಂದವನ್ನೇ ರದ್ದು ಮಾಡಬೇಕೆಂಬ ಕೂಗು ಥಾಯ್ಲೆಂಡಿನಲ್ಲಿ ಆಗಾಗ ಏಳುತ್ತದೆ, ಅದರಲ್ಲಿ ಫ್ರೆಂಚ್ ನಕ್ಷೆಯ ಪ್ರಸ್ತಾಪವಿದೆ ಎಂಬ ಕಾರಣಕ್ಕೆ. ಕಾಂಬೋಡಿಯಾ ಮತ್ತೆ ಹೇಗ್‌ಗೆ ಹೋಗೋಣ ಎನ್ನುತ್ತದೆ. ಹೇಗ್‌ನ ಕಡ್ಡಾಯ ಅಧಿಕಾರವನ್ನು ಥಾಯ್ಲೆಂಡ್ ಒಪ್ಪುವುದಿಲ್ಲ. ಒಮ್ಮೆ ಕೈ ಸುಟ್ಟುಕೊಂಡವರು.

2025ರ ಮೇ ತಿಂಗಳಲ್ಲಿ ಗಡಿಯಲ್ಲಿ ಕಾಂಬೋಡಿಯಾದ ಯೋಧನೊಬ್ಬ ಸತ್ತ. ಜೂನ್‌ನಲ್ಲಿ ಥಾಯ್ ಪ್ರಧಾನಿ ಪೇಟೊಂಗ್ಟಾರ್ನ್ ಶಿನವಾತ್ರ ಕಾಂಬೋಡಿಯಾದ ಮಾಜಿ ಪ್ರಧಾನಿ ಹುನ್ ಸೆನ್ ಅವರಿಗೆ ಫೋನು ಮಾಡಿ ‘ಅಂಕಲ್’ ಎಂದು ಕರೆದು ಮಾತಾಡಿದ್ದು ಬಹಿರಂಗವಾಯಿತು. ತಮ್ಮ ಸೇನಾಧಿಕಾರಿಯ ಬಗ್ಗೆ ಅದರಲ್ಲಿ ಹಗುರವಾಗಿ ಮಾತಾಡಿದ್ದರು. ಆ ಒಂದು ಕರೆ ಅವರ ಕುರ್ಚಿಯನ್ನು ಕಿತ್ತುಕೊಂಡಿತು. ಶಿನವಾತ್ರ ಮತ್ತು ಹುನ್ ಮನೆತನಗಳ ಹಳೆಯ ಸ್ನೇಹ ಹಗೆಯಾಗಿ ತಿರುಗಿದ್ದರ ಪಾಲು ಈ ಯುದ್ಧದಲ್ಲಿ ಚರಿತ್ರೆಯ ಪಾಲಿಗಿಂತ ಕಡಿಮೆಯೇನಲ್ಲ ಎಂದು ನನಗನ್ನಿಸುತ್ತದೆ. ಚರಿತ್ರೆ ಇಲ್ಲಿ ಕಟ್ಟಿಗೆ. ಕಡ್ಡಿ ಗೀರುವವರು ಬೇರೆ. ಡಿಸೆಂಬರ್‌ನ ಕಾಳಗದ ವೇಳೆ ಗಡಿಯ ವಿವಾದಿತ ಜಾಗದಲ್ಲಿದ್ದ ವಿಷ್ಣುವಿನ ಪ್ರತಿಮೆಯೊಂದನ್ನು ಯಂತ್ರದಿಂದ ಕೆಡವಿದ ದೃಶ್ಯ ಹರಿದಾಡಿ, ಭಾರತದ ವಿದೇಶಾಂಗ ಸಚಿವಾಲಯವೂ ಕಳವಳ ವ್ಯಕ್ತಪಡಿಸಿತು. ಅದು ಸಾವಿರ ವರ್ಷದ ವಿಗ್ರಹವಲ್ಲ, ಇತ್ತೀಚೆಗೆ ನಿಲ್ಲಿಸಿದ್ದು. ಹಳೆಯ ದೇವರು ಸಿಗದ ಕಡೆ ಹೊಸ ದೇವರನ್ನು ಗಡಿಕಲ್ಲಾಗಿ ನಿಲ್ಲಿಸುವುದೂ, ಗಡಿಕಲ್ಲೆಂದೇ ಅದನ್ನು ಕೀಳುವುದೂ ಈ ಜಗಳದ ರೀತಿ.

ಜುಲೈನ ಆ ಐದು ದಿನ ಕಾಂಬೋಡಿಯಾದಿಂದ ಹಾರಿದ ರಾಕೆಟ್‌ಗಳು ಬಿದ್ದದ್ದು ಹೆಚ್ಚಾಗಿ ಸುರಿನ್ ಮತ್ತು ಸಿಸಾಕೆಟ್ ಪ್ರಾಂತ್ಯಗಳಲ್ಲಿ. ಒಂದು ಪೆಟ್ರೋಲ್ ಬಂಕ್‌ನ ಅಂಗಡಿಗೆ ಬಿತ್ತು, ಒಂದು ಆಸ್ಪತ್ರೆಗೆ ಬಿತ್ತು. ಅಲ್ಲಿ ಬಂಕರಿಗೆ ಓಡಿದ ಎಷ್ಟೋ ಅಜ್ಜಿಯರು ಮೊಮ್ಮಕ್ಕಳನ್ನು ಕರೆದದ್ದು ಖ್ಮೇರ್ ಭಾಷೆಯಲ್ಲಿ.

ಬೆಟ್ಟದ ಮೇಲೆ ಶಿಖರೇಶ್ವರನ ಮೆಟ್ಟಿಲುಗಳು ಈಗಲೂ ಉತ್ತರಕ್ಕೇ ಇಳಿಯುತ್ತವೆ. ಆ ಕಡೆಯ ಬಾಗಿಲು 2008ರಿಂದ ಮುಚ್ಚಿದೆ. ಕಾಂಬೋಡಿಯಾದವರು ದಕ್ಷಿಣದ ಕಡಿದಾದ ಇಳಿಜಾರಿನಲ್ಲಿ ಹೊಸದಾಗಿ ಕಾಂಕ್ರೀಟ್ ರಸ್ತೆ ಮಾಡಿಕೊಂಡಿದ್ದಾರೆ. 2025ರ ಕಾಳಗಕ್ಕೆ ಮುಂಚೆ ಭಕ್ತರು ಟ್ರಕ್ಕಿನ ಹಿಂಬದಿಯಲ್ಲಿ ಕಂಬಿ ಹಿಡಿದು ಕುಳಿತು ಆ ದಾರಿಯಲ್ಲಿ ಹತ್ತಿ, ದೇವಾಲಯವನ್ನು ಪಕ್ಕದಿಂದ ಪ್ರವೇಶಿಸುತ್ತಿದ್ದರು.